ಸಿಂಬಿಯ ಮೇಲೆ ಮುಖವಿಟ್ಟು ಕೇಳಿದ ಐದು ಪುಸ್ತಕ

ಬಲಗಣ್ಣಿನ ಆಪರೇಷನ್ ಆದ ಮೇಲೆ ಅಕ್ಕ ಮುಖ ಕೆಳಗೆ ಮಾಡಿಕೊಂಡೇ ಇರಬೇಕಾಗಿತ್ತು. ಮಲಗುವಾಗ ಮಾತ್ರವಲ್ಲ, ಕೂತಾಗ, ಉಣ್ಣುವಾಗ, ಬಚ್ಚಲಿಗೆ ನಡೆದು ಹೋಗುವಾಗ ಕೂಡ. ಆ ದಿನಗಳಲ್ಲಿ ಕೊಡಿಗೇಹಳ್ಳಿಯ ಅವಳ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು, ಅಮೆರಿಕದ ಒಬ್ಬನೇ ಲೇಖಕ ಬರೆದ ಐದು ಪುಸ್ತಕಗಳಲ್ಲಿ ನಾಲ್ಕನ್ನು ನಾನು ಅವಳಿಗೆ ಓದಿ ಹೇಳಿದೆ, ಒಂದನ್ನು ಹಾಳು ಮಾಡಿದೆ. ಪುಸ್ತಕಗಳು ಇಂಗ್ಲಿಷಿನವು, ಹೇಳಿದ್ದು ಕನ್ನಡದಲ್ಲಿ.

ಮೊದಲು ಕಣ್ಣಿನ ವಿಷಯ. ಒಂದು ಬೆಳಿಗ್ಗೆ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದಾಗ ಅಕ್ಕನ ಬಲಗಣ್ಣಿನ ಅಂಚಿನಲ್ಲಿ ಯಾರೋ ಕಪ್ಪು ಪರದೆ ಎಳೆದ ಹಾಗಾಯಿತು. ಮಾರನೆಯ ದಿನ ಪರದೆ ಅರ್ಧ ಕಣ್ಣಿಗೆ ಬಂದಿತ್ತು. ಹೆಬ್ಬಾಳದ ಕಡೆಯ ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ರೆಟಿನಾ ಎಂಬ ಪೊರೆ ಕಳಚಿಕೊಳ್ಳುತ್ತಿದೆ ಎಂದರು. ತೇವ ಹಿಡಿದ ಗೋಡೆಯಿಂದ ಕಾಗದ ಏಳುವ ಹಾಗೆ. ಅದನ್ನು ಮತ್ತೆ ಅಂಟಿಸಿ, ಕಣ್ಣಿನೊಳಗೆ ಗ್ಯಾಸಿನ ಒಂದು ಗುಳ್ಳೆ ತುಂಬಿ ಮನೆಗೆ ಕಳಿಸಿದರು. ಗುಳ್ಳೆ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಮುಖ ನೆಲದ ಕಡೆಗಿದ್ದರೆ ಮಾತ್ರ ಅದು ಹಿಂಗೋಡೆಯನ್ನು ಒತ್ತಿ ಹಿಡಿಯುತ್ತದೆ. ತಲೆ ಎತ್ತಿದರೆ ಒತ್ತು ತಪ್ಪುತ್ತದೆ.

ಅಕ್ಕನ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಅದಕ್ಕೆ ಬಾಗಿಲು, ಕಿಟಕಿ, ಬಂದವರ ಸೀರೆಯ ಬಣ್ಣ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಅವಳ ಓದೆಲ್ಲ ಬಲಗಣ್ಣಿನದು. ಪೊರೆ ಅಂಟಿಕೊಂಡರೆ ಅವಳು ಮತ್ತೆ ಓದಬಹುದು. ಅಂಟಿಕೊಳ್ಳದಿದ್ದರೆ ಇನ್ನೊಂದು ಆಪರೇಷನ್, ಆಮೇಲೂ ಖಾತರಿಯಿಲ್ಲ. ಅದು ತಿಳಿಯುವುದು ಗುಳ್ಳೆ ಕರಗಿದ ಮೇಲೆ, ಅಂದರೆ ಕೆಲವು ವಾರಗಳ ನಂತರ. ಡಾಕ್ಟರು ಇದನ್ನು ಇಷ್ಟೇ ನೇರವಾಗಿ ಹೇಳಿದರು.

ಓದುವುದು ಅಕ್ಕನಿಗೆ ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ. ಯಲಹಂಕದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಷ್ಟು ಕಾಲವೂ ಊಟದ ಡಬ್ಬಿಯ ಜೊತೆ ಒಂದು ವಾರಪತ್ರಿಕೆ ಅವಳ ಚೀಲದಲ್ಲಿರುತ್ತಿತ್ತು. ಧಾರಾವಾಹಿ ಮುಗಿದ ಮೇಲೆ ಕಂತುಗಳನ್ನೆಲ್ಲ ಕತ್ತರಿಸಿ, ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದಳು. ಆ ಪುಸ್ತಕಗಳು ಈಗಲೂ ಅಲ್ಮೇರಾದಲ್ಲಿವೆ. ಅಲ್ಮೇರಾ ತೆರೆದರೆ ಸೀರೆಗಳಿಗಿಂತ ಮೊದಲು ಅವೇ ಕಾಣುತ್ತವೆ.

ನಾನು ಇರುವುದು ರೈಲ್ವೆ ಹಳಿಯ ಈಚೆ, ಸಹಕಾರನಗರದಲ್ಲಿ. ಅಕ್ಕನ ಮನೆಗೆ ಹೋಗಲು ಆಟೋ ಹಿಡಿಯುವ ಅಗತ್ಯವಿಲ್ಲ. ಆದರೂ ಆ ವಾರಗಳಲ್ಲಿ ನಾನು ಬಟ್ಟೆಬರೆ ತಂದು ಅಲ್ಲೇ ಉಳಿದೆ. ಭಾವನಿಗೆ ಅಡುಗೆ ಬರುತ್ತದೆ, ಕಣ್ಣಿಗೆ ಹನಿ ಹಾಕುವುದು ಬರುವುದಿಲ್ಲ. ಕೈ ನಡುಗುತ್ತದೆ ಎನ್ನುತ್ತಾರೆ. ಇಡೀ ಜೀವನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಕೂದಲೆಳೆಯಷ್ಟು ಅಳತೆಯಲ್ಲಿ ಕಬ್ಬಿಣ ಕಡೆದವರು.

ಮುಖ ಕೆಳಗೆ ಮಾಡಿ ಮಲಗುವುದು ಕೇಳಿದಷ್ಟು ಸುಲಭವಲ್ಲ. ದಿಂಬಿನಲ್ಲಿ ಮುಖ ಹುದುಗಿದರೆ ಉಸಿರು ಕಟ್ಟುತ್ತದೆ, ಪಕ್ಕಕ್ಕೆ ತಿರುಗಿಸುವಂತಿಲ್ಲ. ವಿಮಾನದಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು ತಂದು ನೋಡಿದೆವು, ಅದು ಹಣೆಗೆ ಸರಿಹೋದರೆ ಗಲ್ಲಕ್ಕೆ ಹೋಗಲಿಲ್ಲ. ಕೊನೆಗೆ ಭಾವ ಅಕ್ಕನ ಒಂದು ಹಳೆಯ ವಾಯಿಲ್ ಸೀರೆಯನ್ನು ಹುರಿಯಂತೆ ಸುತ್ತಿ, ಸುತ್ತಿದ್ದನ್ನು ಮತ್ತೆ ಸುತ್ತಿ, ದೊಡ್ಡದೊಂದು ಸಿಂಬಿ ಮಾಡಿದರು. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಆಕಾರ. ಅದರ ಮೇಲೆ ಹಣೆ, ಕೆನ್ನೆ, ಗಲ್ಲ ಕೂತವು. ಮೂಗಿಗೂ ಕಣ್ಣಿಗೂ ನಡುವಿನ ತೂತು.

"ಬಾವಿಯಿಂದ ನೀರು ತರೋವಾಗ ಸಿಂಬಿ ತಲೆ ಮೇಲಿತ್ತು," ಎಂದಳು ಅಕ್ಕ, ನೆಲದ ಕಡೆಯಿಂದ. "ಈಗ ತಲೆನೇ ಸಿಂಬಿ ಮೇಲೆ."

"ಕೊಡ ಒಡೆದೋಗ್ದಂಗೆ ನೋಡ್ಕಳೋಣ ಬಿಡು," ಎಂದರು ಭಾವ.

ಹಾಗೆ ಮಲಗಿದ ಮೇಲೆ ಅಕ್ಕನಿಗೆ ಕಾಣಿಸುತ್ತಿದ್ದುದು ಕೆಂಪು ನೆಲ ಮತ್ತು ಬಂದವರ ಪಾದ, ಅದೂ ಎಡಗಣ್ಣಿನಲ್ಲಿ ಮಸುಕಾಗಿ. ಎರಡನೆಯ ದಿನಕ್ಕೇ ಅವಳು ನಡಿಗೆಯ ಸದ್ದಿನಿಂದಲೂ ಸೀರೆಯಂಚಿನ ಬಣ್ಣದಿಂದಲೂ ಬಂದವರನ್ನು ಹೆಸರು ಹಿಡಿದು ಕರೆಯತೊಡಗಿದಳು. ಟಿವಿ ಕೇಳಿ ಬೇಸತ್ತಳು. ಧಾರಾವಾಹಿಯವರು ಮಾತಾಡುವುದಕ್ಕಿಂತ ಸಂಗೀತ ಹಾಕುವುದೇ ಹೆಚ್ಚು ಎಂದು ನೋಡದೆ ಕೇಳಿದಾಗ ತಿಳಿಯಿತಂತೆ.

"ನಿಂದು ಯಾವುದಾದ್ರೂ ಪುಸ್ತಕ ತಂದು ಓದೇ," ಎಂದಳು.

ನನ್ನ ಮನೆಯಲ್ಲಿ ಕೈಗೆ ಸಿಕ್ಕಿದ್ದು ಆ ಅಮೆರಿಕದವನ ಐದು ಪುಸ್ತಕಗಳು. ಅವು ಅಲ್ಲಿದ್ದುದಕ್ಕೂ ಕಾರಣವಿದೆ. ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೆಲಸ ಮಾಡಿ ಬಿಟ್ಟವಳು. ವರದಿಗಾರರು ಕಳಿಸಿದ್ದನ್ನು ತಿದ್ದಿ, ಕತ್ತರಿಸಿ, ಶೀರ್ಷಿಕೆ ಕೊಟ್ಟು ಪುಟಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು. ಬಿಟ್ಟ ಮೇಲೆ ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇನ್ನೇನು, ಕಾದಂಬರಿ ಬರೀತೀರಾ?" ನಾನು ಪ್ರಯತ್ನಿಸಿದ್ದೆ. ಮೊದಲ ಪ್ಯಾರಾದಲ್ಲೇ ಎಲ್ಲ ಹೇಳಿ ಮುಗಿದುಹೋಗುತ್ತಿತ್ತು. ಈ ಅಮೆರಿಕದವನು ಸಣ್ಣ ಊರಿನ ಪತ್ರಿಕೆಯಲ್ಲಿ ಕೋರ್ಟು, ಪೊಲೀಸ್, ಚರಂಡಿ ಮಂಡಳಿ ಎಲ್ಲವನ್ನೂ ವರದಿ ಮಾಡಿ, ಪತ್ರಿಕೆ ಸೊರಗಿದಾಗ ಹೊರಬಂದು ಕಾದಂಬರಿಕಾರನಾದವನು. ನಮ್ಮ ಕಸುಬಿನವನೊಬ್ಬ ಆ ದಡ ಸೇರಿದ್ದು ಹೇಗೆ ಎಂಬ ಕುತೂಹಲಕ್ಕೆ ಅವನ ಪುಸ್ತಕಗಳನ್ನು ಒಂದೊಂದಾಗಿ ಕೊಂಡಿದ್ದೆ, ಓದಿದ್ದೆ. ಅಕ್ಕ ಅವನನ್ನು ಹೆಸರಿನಿಂದ ಕರೆಯಲೇ ಇಲ್ಲ. "ನಿನ್ನ ಪೇಪರ್‌ನೋನು" ಎಂದೇ ಕರೆದಳು. ನಾನೂ ಇಲ್ಲಿ ಹಾಗೇ ಇರಲಿ ಎಂದುಕೊಂಡಿದ್ದೇನೆ.

ಮೊದಲು ತೆಗೆದದ್ದು ಅವನ ಮೊದಲ ಪುಸ್ತಕ, ಒಂದು ಕೊಲೆಯ ಕಥೆ. ಅಕ್ಕ ಸಿಂಬಿಯ ಮೇಲೆ ಮುಖವಿಟ್ಟಳು. ಭಾವ ಅವರೇಕಾಯಿ ಬಿಡಿಸುತ್ತಾ ಬಾಗಿಲ ಹತ್ತಿರ ಕೂತರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಇದು ಕೋರ್ಟಿನ ಸುದ್ದಿ ಬರೆಯೋ ವರದಿಗಾರನೊಬ್ಬನ ಕಥೆ. ಊರಿನ ಔಷಧಿ ಅಂಗಡಿಯವನನ್ನ ಯಾರೋ ಕೊಂದಿರ್ತಾರೆ. ಕೊಂದಿದ್ದು ವರದಿಗಾರನ ತಮ್ಮನೇ. ಅದನ್ನ ಬರೆಯೋದಾ ಬೇಡವಾ ಅನ್ನೋ ಸಂಕಟದಲ್ಲಿ..."

ಸಿಂಬಿಯ ತೂತಿನಿಂದ ಅಕ್ಕನ ದನಿ ಬಂತು: "ಆಯ್ತಲ್ಲ. ಮುಚ್ಚು ಪುಸ್ತಕ."

"ಯಾಕೇ?"

"ಇನ್ನೇನ್ ಉಳೀತು ಅದ್ರಲ್ಲಿ?"

ಭಾವ ಅವರೇಕಾಯಿಯ ಮೊರ ಕೆಳಗಿಟ್ಟರು. "ಏನಮ್ಮಾ ತಾಯಿ, ಕೊಂದೋನು ಯಾರು ಅಂತ ಬೆಳಿಗ್ಗೆ ತಿಂಡಿಗೇ ಹೇಳ್ಬಿಟ್ಟೆ. ಸಂಜೆವರ್ಗೂ ನಾವೇನ್ ಮಾಡಾಣ?"

"ಇದು ಸಾರಾಂಶ ಅಷ್ಟೇ ಭಾವ. ಮುಂದೆ ವಿವರ ಬರುತ್ತೆ."

"ಇವಳು ಇಂಗೇ ಕಣ್ರೀ," ಎಂದಳು ಅಕ್ಕ. "ಚಿಕ್ಕೋಳಿದ್ದಾಗ ಸಿನಿಮಾ ನೋಡ್ಕೊಂಡ್ ಬಂದು ಚಪ್ಪಲಿ ಬಿಡೋಕ್ ಮುಂಚೆನೇ, 'ಕೊನೇಲಿ ಇಬ್ರೂ ಸಾಯ್ತಾರೆ' ಅಂದಿದ್ಲು. ನಾನು ಮಾರನೇ ದಿನ ಹೋಗೋಳಿದ್ದೆ."

ಆ ಸಿನಿಮಾ ನನಗೆ ನೆನಪಿಲ್ಲ. ಡೆಸ್ಕಿನ ಅಭ್ಯಾಸ ಮಾತ್ರ ಇದೆ. ಸುದ್ದಿಯ ಮೊದಲ ಪ್ಯಾರಾವನ್ನು ನಾವು ಇಂಟ್ರೋ ಎನ್ನುತ್ತಿದ್ದೆವು. ಏನಾಯಿತು, ಯಾರಿಗೆ, ಎಲ್ಲಿ ಎನ್ನುವುದೆಲ್ಲ ಅದರಲ್ಲೇ ಬರಬೇಕು. ಓದುಗ ಅಷ್ಟಕ್ಕೇ ಪತ್ರಿಕೆ ಮಡಚಿದರೂ ಅವನಿಗೆ ನಷ್ಟವಾಗಬಾರದು. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುವುದು. ದಿನಕ್ಕೆ ಎಷ್ಟೋ ಸಲ ಮಾಡಿದ ಕೆಲಸ. ಅದು ಕೈಯಲ್ಲಿ ಮಾತ್ರ ಉಳಿದಿದೆ ಎಂದುಕೊಂಡಿದ್ದೆ, ಬಾಯಿಗೂ ಬಂದಿತ್ತು.

ಕೊಲೆಯ ಪುಸ್ತಕವನ್ನು ಅಕ್ಕ ಮೂಲೆಗಿಡಿಸಿದಳು. "ಇನ್ನೊಂದು ತೆಗಿ. ಮೊದಲನೇ ಪುಟದಿಂದ ಓದು. ಅವನು ಹೇಳೋಕ್ ಮುಂಚೆ ನೀನು ಹೇಳ್ಬೇಡ."

ಎರಡನೆಯದು ಹಿಮದ ಹೆದ್ದಾರಿಯ ಪಕ್ಕ ಒಂದು ಸಣ್ಣ ವಸತಿಗೃಹ ನಡೆಸುವ ವಿಧವೆಯ ಕಥೆ. ಹಿಮ ಬಿದ್ದು ದಾರಿ ಮುಚ್ಚುತ್ತದೆ, ಬಂದ ಪ್ರಯಾಣಿಕರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅವರಲ್ಲೊಬ್ಬಳ ತಾಯಿ ದೂರದ ಆಸ್ಪತ್ರೆಯಲ್ಲಿದ್ದಾಳೆ, ಫೋನಿನ ತಂತಿ ಕಡಿದಿದೆ. ಮೊದಲ ಪುಟದಿಂದ ಓದಿದೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ ಕಣ್ಣಿಗೆ, ಅದೇ ವಾಕ್ಯ ಕನ್ನಡದಲ್ಲಿ ಬಾಯಿಗೆ. ನಿಧಾನದ ಕೆಲಸ. ಹಿಮ ಬೀಳುವ ವರ್ಣನೆಯೇ ನಾಲ್ಕು ಪುಟವಿತ್ತು. ಡೆಸ್ಕಿನಲ್ಲಾಗಿದ್ದರೆ "ಭಾರಿ ಹಿಮಪಾತದಿಂದ ಸಂಚಾರ ಸ್ಥಗಿತ" ಎಂದು ಮುಗಿಸುತ್ತಿದ್ದೆ. ಇಲ್ಲಿ ನಾಲ್ಕನ್ನೂ ಓದಿದೆ.

"ಯಾರೂ ಸಾಯಲ್ವಾ ಇದ್ರಲ್ಲಿ?" ಎಂದು ಭಾವ ಮಧ್ಯೆ ಮಧ್ಯೆ ಬಂದು ಕೇಳುತ್ತಿದ್ದರು.

"ಸುಮ್ನಿರ್ರೀ. ಅವಳ ಅಮ್ಮಂಗೆ ಏನಾಯ್ತೋ ಗೊತ್ತಾಗ್ಲಿ," ಎನ್ನುತ್ತಿದ್ದಳು ಅಕ್ಕ.

ಯಲಹಂಕದ ಕಡೆಯಿಂದ ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಹಾದುಹೋದಾಗ ಓದು ನಿಲ್ಲುತ್ತಿತ್ತು. ಸದ್ದು ಅಡಗುವವರೆಗೆ ಬೆರಳನ್ನು ಸಾಲಿನ ಮೇಲಿಟ್ಟು ಕಾಯುತ್ತಿದ್ದೆ. ಅಕ್ಕ ಸಿಂಬಿಯ ಮೇಲಿಂದ ಕೈ ಎತ್ತಿ "ಹೂಂ, ಆಮೇಲೆ" ಎಂದು ಬೆರಳಾಡಿಸುತ್ತಿದ್ದಳು.

ಒಂದು ದಿನ ಬಚ್ಚಲಿಂದ ಬರುವಾಗ ಅಕ್ಕನ ಕಾಲು ಜಾರಿತು. ಬೀಳಲಿಲ್ಲ, ಆದರೆ ತಲೆ ಒಂದು ಸಲ ಮೇಲಕ್ಕೆ ಎದ್ದುಬಿಟ್ಟಿತು. ಆಸ್ಪತ್ರೆಗೆ ಫೋನ್ ಮಾಡಿದೆವು. ಅಷ್ಟಕ್ಕೇನೂ ಆಗುವುದಿಲ್ಲ, ಎಂದಿನಂತೆ ಇರಿ ಎಂದರು. ಆ ದಿನ ಭಾವ ಊಟಕ್ಕೆ ಕೂತವರು ಅನ್ನ ಕಲೆಸುತ್ತಲೇ ಇದ್ದರು. ನಾನು ಅಂದಿನ ಅಧ್ಯಾಯವನ್ನು ಬೇಗ ಮುಗಿಸಿದೆ. ಕೊನೆಯ ಒಂದೂವರೆ ಪುಟದಲ್ಲಿ ವಿಧವೆ ಅಡುಗೆಮನೆ ಒರೆಸುವುದು, ದೀಪ ಆರಿಸುವುದು ಅಷ್ಟೇ ಇತ್ತು. ಬಿಟ್ಟುಬಿಟ್ಟೆ.

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ."

"ಸುಳ್ಳು. ಅವನು ಪ್ರತಿಸಲ ಅಧ್ಯಾಯ ಮುಗಿಸೋವಾಗ ಅವಳನ್ನ ಒಂಟಿಯಾಗಿ ಬಿಟ್ಟು ಮುಗಿಸ್ತಾನೆ. ಇವತ್ತು ಜನ ತುಂಬಿರೋವಾಗ್ಲೇ ನಿಲ್ಸಿದ್ದೀಯ. ಕೆಳಗಿಂದ ಕತ್ತರಿಸಿದ್ಯಾ?"

ಕತ್ತರಿಸಿದ್ದನ್ನು ಓದಿದೆ. ವಿಧವೆ ಮೇಜು ಒರೆಸುತ್ತಾಳೆ, ಫೋನ್ ಎತ್ತಿ ಕಿವಿಗಿಟ್ಟು ನೋಡುತ್ತಾಳೆ, ಸದ್ದಿಲ್ಲ, ಇಡುತ್ತಾಳೆ, ದೀಪ ಆರಿಸುತ್ತಾಳೆ. ಫೋನಿನ ಆ ಸಾಲು ನಾನು ಮೊದಲ ಸಲ ಓದಿದಾಗ ಗಮನಿಸಿರಲೇ ಇಲ್ಲ. ಅಕ್ಕ "ಹೂಂ" ಎಂದಳು. ಭಾವ ಕೈ ತೊಳೆಯಲು ಎದ್ದುಹೋದರು.

ಮುಖ ಕೆಳಗೆ ಮಾಡುವ ಕಡ್ಡಾಯ ಒಂದು ಹಂತಕ್ಕೆ ಮುಗಿಯಿತು. ಇನ್ನು ಅಂಗಾತ ಮಲಗಬಾರದು ಅಷ್ಟೇ, ತಲೆ ಎತ್ತಿ ಕೂರಬಹುದು, ಓಡಾಡಬಹುದು ಎಂದರು ಡಾಕ್ಟರು. ಬಲಗಣ್ಣಿನಲ್ಲಿ ಈಗ ಅಕ್ಕನಿಗೆ ಒಂದು ಗೆರೆ ಕಾಣುತ್ತಿತ್ತು. ಗೆರೆಯ ಮೇಲ್ಗಡೆ ಸ್ವಲ್ಪ ಬೆಳಕು, ಕೆಳಗೆ ನೀರಿನೊಳಗಿಂದ ನೋಡಿದ ಹಾಗೆ. ತಲೆ ಓಲಾಡಿಸಿದರೆ ಗೆರೆಯೂ ಓಲಾಡುತ್ತಿತ್ತು. ಭಾವನಿಗೆ ಇದು ತಟ್ಟನೆ ಅರ್ಥವಾಯಿತು. "ರಸಮಟ್ಟ ಕಣೇ ಅದು," ಎಂದರು. ಗಾರೆ ಕೆಲಸದವರು ಗೋಡೆ ಸಮವಿದೆಯೇ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಪಟ್ಟಿ. "ನಿನ್ನ ಕಣ್ಣಲ್ಲೇ ಒಂದು ರಸಮಟ್ಟ ಇಟ್ಟವ್ರೆ. ನೆಟ್ಟಗೆ ನಿಂತ್ಕೋ, ಗೋಡೆ ಸೊಟ್ಟಗಿದ್ಯಾ ನೋಡೇಳು." ಆಮೇಲೆ ದಿನವೂ ಬೆಳಿಗ್ಗೆ ಅವರು ಕಾಫಿ ಲೋಟ ಕೊಡುತ್ತಾ ಕೇಳುತ್ತಿದ್ದರು: "ಮಟ್ಟ ಎಲ್ಲಿಗ್ ಬಂತು?" ಅಕ್ಕ ಮೂಗಿನ ನೇರಕ್ಕೆ ಕೈ ಅಡ್ಡ ಹಿಡಿದು ತೋರಿಸುತ್ತಿದ್ದಳು. ಕೈ ದಿನೇದಿನೇ ಕೆಳಗಿಳಿಯುತ್ತಿತ್ತು.

ಎದ್ದು ಕೂರಬಹುದಾದರೂ ಓದಿನ ಹೊತ್ತಿಗೆ ಅಕ್ಕ ಸಿಂಬಿಯ ಮೇಲೇ ಮುಖವಿಟ್ಟು ಮಲಗುತ್ತಿದ್ದಳು. "ಇಂಗಿದ್ರೇ ಕಿವಿಗೆ ಹತ್ತೋದು," ಎನ್ನುತ್ತಿದ್ದಳು.

ಮೂರನೆಯ ಪುಸ್ತಕ ನಗೆಯದು. ಒಂದು ಊರಿನ ಕೆರೆಗೆ ಬಾತುಕೋಳಿಗಳ ದಂಡು ಬಂದು ಪಾರ್ಕಿನ ಹಾದಿಯೆಲ್ಲ ಗಲೀಜು ಮಾಡುತ್ತದೆ. ಅವನ್ನು ಓಡಿಸಬೇಕೆನ್ನುವವರು, ಬಿಡಬೇಕೆನ್ನುವವರು ಎಂದು ಊರು ಎರಡಾಗುತ್ತದೆ. ನಗರಸಭೆಯ ಮುಚ್ಚಿದ ಬಾಗಿಲ ಸಭೆ ಇಡೀ ಪುಸ್ತಕದಷ್ಟು ಉದ್ದ. ಭಾವ ಅವರೇಕಾಯಿ, ಬೆಳ್ಳುಳ್ಳಿ, ಮೆಂತ್ಯ ಸೊಪ್ಪು ಎಲ್ಲ ಬಿಡಿಸಿ ಮುಗಿಸಿ, ಕೊನೆಗೆ ಬರಿಗೈಯಲ್ಲೇ ಬಂದು ಕೂತರು. "ಇವನು ಯಾವಾಗ ನಮ್ ಲೇಔಟಿನ ಅಸೋಸಿಯೇಷನ್ ಮೀಟಿಂಗಿಗೆ ಬಂದಿದ್ದ?" ಎಂದು ಕೇಳಿದರು. ಬೀದಿನಾಯಿಗಳಿಗೆ ಅನ್ನ ಹಾಕಬಹುದೇ ಎಂಬ ವಿಷಯದಲ್ಲಿ ಅಲ್ಲಿ ಇಬ್ಬರು ಗೆಳೆಯರು ಮಾತು ಬಿಟ್ಟಿದ್ದು ನಮಗೆಲ್ಲ ಗೊತ್ತು.

ನಾಲ್ಕನೆಯದು ಮಕ್ಕಳ ಪುಸ್ತಕ, ತೆಳ್ಳಗಿನದು. ಬೀಗದ ಕೈ ಕದ್ದು ಕೂಡಿಡುವ ಒಂದು ಕಾಗೆ, ಜ್ವರದಿಂದ ಮಲಗಿದ ಹುಡುಗಿಯೊಬ್ಬಳ ಕಿಟಕಿಯ ಹೊರಗೆ ಕೂತು ಕಥೆ ಹೇಳುತ್ತದೆ. ಒಂದೇ ಮಧ್ಯಾಹ್ನಕ್ಕೆ ಮುಗಿಯಿತು.

"ಒಂದು ಕೊಲೆ, ಒಂದು ಹಿಮ, ಒಂದು ಬಾತುಕೋಳಿ, ಒಂದು ಕಾಗೆ," ಎಂದರು ಭಾವ. "ಏನಮ್ಮಾ ಇವನು, ಒಂದ್ ಕಡೆ ನಿಲ್ಲಲ್ವಾ?"

ನಾನು ನನಗೆ ತಿಳಿದದ್ದನ್ನು ಹೇಳಿದೆ. ಈ ದೂರು ಅವನ ದೇಶದಲ್ಲೂ ಇದೆ, ವಿಮರ್ಶಕರಿಗೆ ಅವನನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಗೊತ್ತಾಗುವುದಿಲ್ಲ. ಸಣ್ಣ ಪತ್ರಿಕೆಯ ವರದಿಗಾರನ ದಿನಚರಿಯೇ ಹಾಗೆ. ಬೆಳಿಗ್ಗೆ ಫಲಪುಷ್ಪ ಪ್ರದರ್ಶನ, ಮಧ್ಯಾಹ್ನ ಕೋರ್ಟು, ಸಂಜೆ ಎಲ್ಲೋ ಬೆಂಕಿ. ಇವತ್ತು ಯಾವ ಸುದ್ದಿ ಬರುತ್ತದೋ ಅದನ್ನು ಬರೆಯುವುದು. ಅವನು ಕಾದಂಬರಿಗೆ ಬಂದರೂ ಆ ಅಭ್ಯಾಸ ಬಿಟ್ಟಿಲ್ಲ.

"ಅದಲ್ಲ," ಎಂದಳು ಅಕ್ಕ. "ಬೇರೆ ಬೇರೆ ಏನೂ ಅಲ್ಲ ಅವು. ಎಲ್ಲಾದ್ರಲ್ಲೂ ಯಾರೋ ಒಬ್ರು ಹೊರಗಡೆ ಕಾಯ್ತಾ ಇರ್ತಾರೆ ನೋಡು. ಹೋಟ್ಲೋಳು ಫೋನಿಗೆ ಕಾಯ್ತಾಳೆ. ಬಾತುಕೋಳಿ ಪುಸ್ತಕದಲ್ಲಿ ಜನ ಬಾಗ್ಲು ತೆಗಿಯೋಕೆ ಕಾಯ್ತಾರೆ. ಕಾಗೆ ಕಿಟಕಿ ಹೊರಗೆ. ನೀನು ಹಾಳು ಮಾಡಿದ್ಯಲ್ಲ, ಆ ಕೊಲೆ ಪುಸ್ತಕ, ಅದ್ರಲ್ಲೂ ಕೋರ್ಟಿನ ಹೊರಗೆ ಯಾರೋ ಕಾಯ್ತಿರ್ತಾರೆ ಅಲ್ವಾ?"

ಕಾಯುತ್ತಿರುತ್ತಾರೆ. ವರದಿಗಾರನ ತಾಯಿ, ಕೋರ್ಟಿನ ಮೆಟ್ಟಿಲ ಮೇಲೆ, ಕೊನೆಯ ಅಧ್ಯಾಯ ಪೂರ್ತಿ. ಐದನ್ನೂ ಒಮ್ಮೆ ಓದಿದ್ದರೂ ನನಗೆ ಇದು ಕಂಡಿರಲಿಲ್ಲ. ವರದಿಗಾರನಾದವನು ಬದುಕಿನ ಬಹುಪಾಲು ಮುಚ್ಚಿದ ಬಾಗಿಲುಗಳ ಹೊರಗೆ ಕಾಯುತ್ತಾನೆ. ನಾನು ವರದಿಗಾರ್ತಿಯಾಗಿರಲಿಲ್ಲ, ಡೆಸ್ಕಿನವಳು. ಯಾವ ಬಾಗಿಲ ಹೊರಗೂ ಕಾದವಳಲ್ಲ. ಕಾದವರು ನನಗೆ ಫೋನ್ ಮಾಡುತ್ತಿದ್ದರು. ಅವರು "ಮೇಡಂ, ಬೆಳಿಗ್ಗೆಯಿಂದ ಇಲ್ಲೇ ಇದ್ದೀವಿ, ಮಳೆ ಬೇರೆ..." ಎಂದು ಶುರು ಮಾಡಿದರೆ ನಾನು "ಏನಾಯ್ತು ಅದ್ ಹೇಳಪ್ಪ" ಎನ್ನುತ್ತಿದ್ದೆ. ಅವರು ಹೇಳುತ್ತಿದ್ದರು.

ಐದನೆಯದು ದಪ್ಪ ಪುಸ್ತಕ. ಬಹಳ ಹಿಂದೆ ನದಿಯೊಂದರ ಕೆಳಗೆ ಸುರಂಗ ತೋಡಿದ ಕೂಲಿಗಳ ಕಥೆ. ಕೊನೆಕೊನೆಗೆ ಸುರಂಗದ ಒಂದು ಭಾಗ ಕುಸಿಯುತ್ತದೆ. ಒಳಗೆ ಒಬ್ಬ ಕೂಲಿ ಸಿಕ್ಕಿಕೊಳ್ಳುತ್ತಾನೆ, ಬಾಯಿಯ ಹತ್ತಿರ ಅವನ ಹೆಂಡತಿ ನಿಂತಿರುತ್ತಾಳೆ. ಅಲ್ಲಿಗೆ ಬರುವಷ್ಟರಲ್ಲಿ ಅಕ್ಕನ ಕಣ್ಣಿನ ಮಟ್ಟ ತಳಕ್ಕೆ ಇಳಿದು, ಗೆರೆ ಹೋಗಿ, ಒಂದು ಸಣ್ಣ ದುಂಡನೆಯ ಗುಳ್ಳೆಯಾಗಿ ಕೆಳಗೆಲ್ಲೋ ಹೊರಳಾಡುತ್ತಿತ್ತು. ನಾಳೆ ಆಸ್ಪತ್ರೆಗೆ ಹೋಗಬೇಕು. ಪೊರೆ ಅಂಟಿದೆಯೇ ಇಲ್ಲವೇ ಎಂದು ಹೇಳುವ ತಪಾಸಣೆ ಅದೇ. ಪುಸ್ತಕದಲ್ಲಿ ಒಂದೇ ಅಧ್ಯಾಯ ಬಾಕಿ.

"ಓದಲಾ?" ಎಂದೆ.

"ಬೇಡ. ನಾಳೆ ಬಂದ್ಮೇಲೆ ಓದು."

"ಒಂದರ್ಧ ಗಂಟೆ ಅಷ್ಟೇ."

"ನಿಂಗೆ ಗೊತ್ತು ಅವನು ಹೊರಗೆ ಬರ್ತಾನೋ ಇಲ್ವೋ ಅಂತ. ನಿನ್ ಮುಖ ನೋಡಿದ್ರೆ ನಂಗೂ ಗೊತ್ತಾಗುತ್ತೆ. ಎದ್ದೋಗು ಆ ಕಡೆ."

ಅವಳಿಗೆ ನನ್ನ ಮುಖ ಅಷ್ಟು ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳ ಕಣ್ಣಿನ ಬಗ್ಗೆ ನಾವು ಮಟ್ಟದ ಲೆಕ್ಕದಲ್ಲಿ ಬಿಟ್ಟರೆ ಬೇರೆ ರೀತಿಯಲ್ಲಿ ಮಾತಾಡುವುದನ್ನು ಎಂದೋ ನಿಲ್ಲಿಸಿದ್ದೆವು.

ಮಾರನೆಯ ಬೆಳಿಗ್ಗೆ ಏರ್‌ಪೋರ್ಟ್ ರಸ್ತೆಯಲ್ಲಿ ವಾಹನಗಳು ಉಸಿರಾಡಲು ಜಾಗವಿಲ್ಲದಂತೆ ನಿಂತಿದ್ದವು. ಆಸ್ಪತ್ರೆಯಲ್ಲಿ ಅಕ್ಕನನ್ನು ಮಾತ್ರ ಒಳಗೆ ಕರೆದರು. ಜೊತೆಯವರು ಹೊರಗೆ ಕೂರಬೇಕು. ಬಾಗಿಲು ಮುಚ್ಚಿತು. ಅದರ ಮೇಲೆ ಒಂದು ಚಿಕ್ಕ ಗಾಜು, ಒಳಗಡೆಯಿಂದ ಕಾಗದ ಅಂಟಿಸಿದ್ದರು.

ಭಾವ ಮೊದಲು ಕೂತರು, ಎದ್ದರು, ನೀರಿನ ಯಂತ್ರದ ಹತ್ತಿರ ಹೋಗಿ ಕುಡಿಯದೆ ಬಂದರು. ಹೊರಗೆ ಬಂದ ನರ್ಸೊಬ್ಬರನ್ನು ನಾನು ತಡೆದು ಕೇಳಿದೆ. "ಡಾಕ್ಟರ್ ಹೇಳ್ತಾರೆ ಮೇಡಂ" ಎಂದು ಹೋದರು. ಇನ್ನೊಬ್ಬರು ಬಂದರು, ಅವರನ್ನೂ ಕೇಳಿದೆ.

"ಸುಮ್ನೆ ಕೂತ್ಕೊಳಮ್ಮ," ಎಂದರು ಭಾವ. "ಪೇಪರ್‌ನೋರು ಎಷ್ಟು ಜನ ಮಂತ್ರಿಗಳ ಬಾಗ್ಲಲ್ಲಿ ನಿಂತಿರ್ತೀರ. ಇದೇನ್ ದೊಡ್ಡದು."

"ನಾನು ನಿಂತಿಲ್ಲ ಭಾವ. ನಿಂತೋರು ಬೇರೆಯವರು."

"ಅಂಗಾದ್ರೆ ಇವತ್ತು ನಿಂತ್ಕೋ."

ಕೂತೆ. ಕೈಯಲ್ಲಿ ಫೋನಿತ್ತು, ನೋಡಲಿಲ್ಲ. ಡೆಸ್ಕಿನ ಕುರ್ಚಿಯಲ್ಲಿ ಫಲಿತಾಂಶಗಳು ತಾವಾಗಿ ಬರುತ್ತಿದ್ದವು. ಚುನಾವಣೆ, ತೀರ್ಪು, ಪರೀಕ್ಷೆ, ಸಾವು. ಇಲ್ಲಿ ಬಾಗಿಲು ಮತ್ತು ಅದರ ಹಿಡಿಕೆ ಅಷ್ಟೇ. ಹಿಡಿಕೆಯ ಒಂದು ಸ್ಕ್ರೂ ಸಡಿಲವಾಗಿತ್ತು. ಅಕ್ಕ ಈ ಹೊತ್ತಿಗೆ ಒಳಗೆ ಏನು ಕೇಳುತ್ತಿರಬಹುದು ಎಂದು ಊಹಿಸಲು ಹೋಗಿ ಬಿಟ್ಟೆ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಬಂದಳು. ಕನ್ನಡಕದಿಂದಾಗಿ ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ.

"ಏನಂದ್ರು?" ಎಂದೆ. ಎದ್ದು ನಿಂತು ಎರಡೂ ಕೈಯಲ್ಲಿ ಅವಳ ತೋಳು ಹಿಡಿದಿದ್ದೆ.

"ಇರೇ. ಮೊದ್ಲಿಂದ ಹೇಳ್ತೀನಿ."

"ಅಕ್ಕ!"

"ಕೂತ್ಕೊಂಡು ಕೇಳೋದಾದ್ರೆ ಹೇಳ್ತೀನಿ. ಇಲ್ಲಾಂದ್ರೆ ಬೇಡ."

"ಏನೇ ಆಟ ಆಡ್ತಿದ್ದೀಯ?" ಎಂದು ಭಾವ ದನಿ ಏರಿಸಿದರು. ಅಕ್ಕಪಕ್ಕದವರು ನೋಡಿದರು. ಅಕ್ಕ ಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತಳು. ನಾವಿಬ್ಬರೂ ಅವಳ ಎರಡು ಪಕ್ಕಗಳಲ್ಲಿ ಕೂತೆವು.

"ಒಳಗೆ ಹೋದ ತಕ್ಷಣ ಒಂದು ಹುಡುಗಿ, ಡಾಕ್ಟ್ರೇ ಇರ್ಬೇಕು, ಹಸಿರು ಚೂಡಿದಾರ್, ನನ್ನ ಎಡಗಣ್ಣು ಮುಚ್ಚಿದ್ಲು. ಬರೀ ಬಲಗಣ್ಣು. ಎದುರಿಗೆ ಬೆಳಕಿನ ಬೋರ್ಡು. ಮೇಲ್ಗಡೆ ಒಂದೇ ಒಂದು ದೊಡ್ಡ ಅಕ್ಷರ."

"ಕಾಣಿಸ್ತಾ?" ಎಂದರು ಭಾವ.

"ಕಾಣಿಸ್ತು. ಎರಡನೇ ಸಾಲು ಓದಿಸಿದ್ಲು. ಮೂರನೇದು. ನಾಲ್ಕನೇದ್ರಲ್ಲಿ ಒಂದು ಅಕ್ಷರ ತಪ್ಪು ಹೇಳ್ದೆ. ಅವಳೇನೂ ಅನ್ನಲಿಲ್ಲ, ಬರ್ಕೊಂಡ್ಲು. ಆಮೇಲೆ ಹನಿ ಹಾಕಿ, ಕಣ್ಣು ಅಗಲ ಆಗ್ಬೇಕು, ಆ ಮೂಲೇಲಿ ಕೂತಿರಿ ಅಂದ್ಲು. ಪಕ್ಕದಲ್ಲಿ ದೇವನಹಳ್ಳಿ ಕಡೆಯೋಳೊಬ್ಳು, ಅವಳಿಗೆ ನಾಳೆ ಆಪರೇಷನ್ ಅಂತೆ, ಅಳ್ತಿದ್ಲು. ನಾನು ಅವಳಿಗೆ ಸಿಂಬಿ ಮಾಡೋದು ಹೇಳ್ಕೊಟ್ಟೆ."

"ಆಮೇಲೆ?" ಭಾವ.

"ದೊಡ್ಡ ಡಾಕ್ಟ್ರು ಕರೆದ್ರು. ಕತ್ತಲೆ ಕೋಣೆ. ಅವರ ಹಣೆ ಮೇಲೆ ಲೈಟು. ಮೇಲೆ ನೋಡಿ ಅಂದ್ರು, ಕೆಳಗೆ ನೋಡಿ ಅಂದ್ರು, ಬಲಗಡೆ, ಎಡಗಡೆ. ಆಮೇಲೆ ಮಾತೇ ಇಲ್ಲ. ಇನ್ನೊಂದು ಸಲ ಅದೇ ಎಲ್ಲ. ಮತ್ತೆ ಮಾತಿಲ್ಲ. ಗಡಿಯಾರದ ಸದ್ದು ಕೇಳಿಸ್ತಿತ್ತು."

ನಾನು ಏನನ್ನೂ ಕೇಳಲಿಲ್ಲ. ಅಳುತ್ತಿದ್ದವಳಿಗೆ ಸಿಂಬಿ ಮಾಡುವುದನ್ನು ಅಕ್ಕ ಹೇಳಿಕೊಟ್ಟದ್ದು ಡಾಕ್ಟರನ್ನು ಕಾಣುವ ಮೊದಲು. ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ. ನಾಲ್ಕನೆಯ ಸಾಲು ಓದಿದ್ದೂ ಸಾಲದು, ಪೊರೆಯ ಅಂಚು ಎದ್ದಿದ್ದರೂ ಅಕ್ಷರ ಕಾಣಬಹುದು. ಇದೆಲ್ಲ ತಲೆಯಲ್ಲಿ ಓಡುತ್ತಿತ್ತು. ಆದರೂ ನಾನು ಅವಳ ಮಾತಿನ ಹಿಂದೆಯೇ ಹೋಗುತ್ತಿದ್ದೆ, ಮುಂದೆ ಅಲ್ಲ.

"ಆಮೇಲೆ?" ಎಂದರು ಭಾವ. ಈ ಸಲ ದನಿ ಇರಲಿಲ್ಲ, ತುಟಿ ಮಾತ್ರ.

"ಆಮೇಲೆ ಲೈಟು ತೆಗೆದು ಕನ್ನಡಕ ಒರೆಸ್ಕೊಂಡ್ರು. ಒರೆಸ್ಕೊಂಡು, 'ಅಮ್ಮಾ, ಹೇಳಿದ ಹಾಗೆ ಮುಖ ಕೆಳಗೆ ಮಾಡ್ಕೊಂಡೇ ಇದ್ರಾ?' ಅಂದ್ರು. ಇದ್ದೆ ಸಾರ್, ಒಂದು ಸಲ ಕಾಲ್ ಜಾರಿದ್ದು ಬಿಟ್ರೆ ಅಂದೆ. 'ಎಲ್ಲಾ ಕಡೆ ಅಂಟಿದೆ. ಚೆನ್ನಾಗಿ ಅಂಟಿದೆ,' ಅಂದ್ರು. ಕನ್ನಡಕ ಮಾಡಿಸ್ಕೊಂಡು ಓದ್ಬೋದಂತೆ."

ಭಾವ ಎದ್ದು ನೀರಿನ ಯಂತ್ರದ ಹತ್ತಿರ ಹೋದರು. ಈ ಸಲ ಕುಡಿದರು, ಎರಡು ಲೋಟ. ನಾನು ಅಕ್ಕನ ತೋಳನ್ನು ಇನ್ನೂ ಹಿಡಿದೇ ಇದ್ದೇನೆಂದು ಆಗ ಗೊತ್ತಾಯಿತು. ಬಿಟ್ಟೆ. ಅಲ್ಲಿ ಬೆರಳಿನ ಗುರುತು ಬಿದ್ದಿತ್ತು.

"ಇದನ್ನ ಬಾಗ್ಲಲ್ಲೇ ಹೇಳ್ಬೋದಿತ್ತು," ಎಂದೆ.

"ಹೇಳಿದ್ರೆ ಹಸಿರು ಚೂಡಿದಾರ್‌ನೋಳನ್ನ ನೀನು ಕೇಳ್ತಿರ್ಲಿಲ್ಲ. ದೇವನಹಳ್ಳಿಯೋಳನ್ನೂ ಕೇಳ್ತಿರ್ಲಿಲ್ಲ. ಅವರೂ ಅಲ್ಲೇ ಇದ್ರು ಕಣೇ."

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಮತ್ತೆ ಸಿಕ್ಕಿಕೊಂಡೆವು. ಹನಿಯಿಂದ ಅಗಲವಾದ ಕಣ್ಣಿಗೆ ಬಿಸಿಲು ಚುಚ್ಚುತ್ತಿದೆ ಎಂದು ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಆದರೂ ದೂರದ ದೊಡ್ಡ ಬೋರ್ಡುಗಳನ್ನು ಬಿಡಲಿಲ್ಲ. ಬಾಡಿಗೆಗಿದೆ, ಸೈಟುಗಳು ಮಾರಾಟಕ್ಕಿವೆ, ನಿಧಾನವಾಗಿ ಚಲಿಸಿ. "ಇವರು ಬರೆದಿಲ್ದೇ ಇದ್ರೂ ನಿಧಾನವಾಗೇ ಚಲಿಸ್ತಿದ್ವಲ್ಲ," ಎಂದು ಭಾವ ನಕ್ಕರು. ಆ ವಾರಗಳಲ್ಲಿ ಅವರು ಜೋರಾಗಿ ನಕ್ಕದ್ದು ಬಾತುಕೋಳಿಗಳ ಪುಸ್ತಕಕ್ಕೆ, ಮತ್ತೆ ಇದಕ್ಕೆ.

ಸಂಜೆ ಸಿಂಬಿಯನ್ನು ಬಿಚ್ಚಲಾಯಿತು. ಸೀರೆಯನ್ನು ಅಕ್ಕ ಜಾಡಿಸಿ ನೆನೆಹಾಕಿದಳು. ಅದು ಮತ್ತೆ ಉಡುವ ಸ್ಥಿತಿಯಲ್ಲಿರಲಿಲ್ಲ, ಆದರೂ ಒಗೆದಿಡುತ್ತೇನೆಂದಳು. ಆಮೇಲೆ ಗೋಡೆಗೆ ಒರಗಿ ಕೂತು ಕಾಲು ಚಾಚಿದಳು. ಭಾವ ಟಿವಿ ಆರಿಸಿ ಬಂದರು. ನಾನು ದಪ್ಪ ಪುಸ್ತಕದ ಕೊನೆಯ ಅಧ್ಯಾಯ ತೆಗೆದೆ. ಇಷ್ಟು ದಿನ ಅಕ್ಕನ ಬೆನ್ನಿಗೆ, ಕತ್ತಿಗೆ, ಸಡಿಲಾದ ಜಡೆಗೆ ಓದಿದ್ದೆ. ಅವಳ ಮುಖಕ್ಕೆ ಓದುತ್ತಿರುವುದು ಇದೇ ಮೊದಲು. ನನಗೆ ಕೊನೆ ಗೊತ್ತಿದ್ದದ್ದು ಮುಖದಲ್ಲಿ ಕಾಣದಿರಲೆಂದು ಪುಸ್ತಕವನ್ನು ಸ್ವಲ್ಪ ಎತ್ತರಕ್ಕೆ ಹಿಡಿದೆ.

ಸುರಂಗದ ಬಾಯಿಯ ಹತ್ತಿರ ಹೆಂಡತಿ ನಿಂತಿದ್ದಾಳೆ. ಮಣ್ಣು ತೆಗೆಯುವವರು ಸರದಿಯ ಮೇಲೆ ಒಳಗೆ ಹೋಗಿ ಬರುತ್ತಿದ್ದಾರೆ. ಯಾರೋ ಅವಳಿಗೆ ಬ್ರೆಡ್ಡು ಕೊಡುತ್ತಾರೆ, ಅವಳು ಅದನ್ನು ಜೇಬಿಗಿಟ್ಟುಕೊಳ್ಳುತ್ತಾಳೆ. ನದಿಯ ಮೇಲೆ ದೋಣಿಯೊಂದು ಹೋಗುತ್ತದೆ. ಎಲ್ಲ ಓದಿದೆ, ದೋಣಿಯ ಬಣ್ಣವನ್ನೂ. ಕೆಳಗಿನಿಂದ ಒಂದು ಸಾಲನ್ನೂ ಕತ್ತರಿಸಲಿಲ್ಲ.

"ಆಮೇಲೆ?" ಎಂದರು ಭಾವ.

ಆ ಕೂಲಿ ಹೊರಗೆ ಬಂದನೇ ಇಲ್ಲವೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕ ಇದನ್ನು ಓದುತ್ತಾಳೆ. ಹೇಳಿಬಿಟ್ಟದ್ದು ಕಂಡರೆ ಸುಮ್ಮನೆ ಬಿಡುವವಳಲ್ಲ.